ಸತ್ತ ಯಂತ್ರದ ನಂಬರು

ಸಾಹೇಬರ ಕೋಣೆಯಲ್ಲಿ ಕಾಗದ ಹೆಕ್ಕಲು ಮೊಣಕಾಲೂರಿದವನಿಗೆ ಮೊದಲು ಸಿಟ್ಟು ಬಂದದ್ದು ಕಾರ್ಪೆಟ್ಟಿನ ಮೇಲೆ. ಒಬ್ಬ ಮನುಷ್ಯನ ಎರಡು ಕಾಲಿಗೆ ಇಷ್ಟು ದಪ್ಪದ ಕಾರ್ಪೆಟ್ಟು ಯಾಕೆ ಬೇಕು? ಕೆಳಗಿನ ಕೌಂಟರುಗಳಲ್ಲಿ ಜನ ಜನನ ಪತ್ರಕ್ಕೆ, ಮರಣ ಪತ್ರಕ್ಕೆ ಬೆಳಗಿನಿಂದ ಬರಿಯ ಸಿಮೆಂಟಿನ ಮೇಲೆ ನಿಂತಿರುತ್ತಾರೆ. ಎರಡನೆಯ ಸಿಟ್ಟು ಸೋಫಾದಲ್ಲಿದ್ದ ಇಬ್ಬರು ಅತಿಥಿಗಳ ಮೇಲೆ. ಅವನು ಹತ್ತಿರ ಬಂದಾಗ ಅವರು ಮಾತು ನಿಲ್ಲಿಸಲಿಲ್ಲ, ಮುಖ ನೋಡಲಿಲ್ಲ, ಪೊರಕೆಗೆ ಜಾಗ ಬಿಡುವವರಂತೆ ಸುಮ್ಮನೆ ಕಾಲು ಎತ್ತಿದರು. ಅವನು ಆ ಕಾಲುಗಳ ಅಡಿಯಿಂದ ಹಾಳೆಗಳನ್ನು ಎಳೆದುಕೊಂಡ. ಗೋಡೆಯ ಬದಿಯಲ್ಲಿದ್ದ ಸಾಹೇಬರ ಹೊಸ ಪ್ರಿಂಟರು ಇನ್ನೂ ಕಾರುತ್ತಲೇ ಇತ್ತು. ಪ್ರತಿ ಹಾಳೆಯ ನೆತ್ತಿಯಲ್ಲಿ ಒಂದೇ ಸಾಲು, ಅದೂ ಯಾವ ಭಾಷೆಯದೂ ಅಲ್ಲ: ಎರಡು ಚೌಕ, ಒಂದು ಪ್ರಶ್ನೆಯ ಗುರುತು, ತಲೆಕೆಳಗಾದ ಒಂದು ಅಕ್ಷರ, ಮತ್ತೆ ಚೌಕ. ಉಳಿದದ್ದು ಬಿಳಿ. ನಿಲ್ಲಿಸುವ ಗುಂಡಿ ಒತ್ತಿದ, ಅದು ಕೇಳಲಿಲ್ಲ. ಇನ್ನೊಮ್ಮೆ ಒತ್ತಿದ. ಕೊನೆಗೆ ಪ್ಲಗ್ಗನ್ನೇ ಕಿತ್ತ. ಗೋಡೆಯ ಗಡಿಯಾರ ಹನ್ನೊಂದು ಹದಿನಾಲ್ಕು ತೋರಿಸುತ್ತಿತ್ತು.

“ಮೂರು ವಾರ ಆಯ್ತಲ್ರೀ,” ಎಂದರು ಸಾಹೇಬರು, ಫೋನನ್ನು ಎದೆಗೆ ಒತ್ತಿಕೊಂಡು. “ದಿನಾ ಹನ್ನೊಂದು ಹತ್ತಕ್ಕೆ ನನ್ನ ರೂಮಲ್ಲಿ ಇದೇ ಜಾತ್ರೆ. ನೀವೇನು ಮೆಕ್ಯಾನಿಕ್ಕೋ, ಕಾಗದ ಹೆಕ್ಕೋರೋ?”

“ನಿನ್ನೆ ರಿಪೋರ್ಟ್ ಕೊಟ್ಟಿದ್ದೀನಿ ಸಾರ್.”

“ಓದಿದೆ. ಯಾರ ತಪ್ಪು ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ಆರ್ಡರ್ ಟೈಪಾಗಿ ಕೂತಿದೆ. ಅದನ್ನ ಪ್ರಿಂಟ್ ತೆಗೆಯೋಕೇ ಈ ದರಿದ್ರ ಬಿಡ್ತಾ ಇಲ್ಲ. ಮೊದಲು ಅದೊಂದು ಮಾಡಿಕೊಡಿ.”

ಅತಿಥಿಗಳಲ್ಲಿ ಒಬ್ಬ ನಕ್ಕ. ಯಾಕೆ ನಕ್ಕನೋ ಅವನಿಗೇ ಗೊತ್ತು. ಹಾಳೆಗಳ ಕಂತೆಯನ್ನು ಎದೆಗವಚಿಕೊಂಡು ಎದ್ದಾಗ ಅಂಗಿಯ ತೋಳಿಗೆ ಕಪ್ಪು ಪುಡಿ ಹತ್ತಿದ್ದು ಕಂಡಿತು. ಇದನ್ನು ಬಿಸಿನೀರಿನಲ್ಲಿ ಒಗೆಯಬಾರದು, ತಣ್ಣೀರಿನಲ್ಲಿ ಒಗೆಯಬೇಕು, ಬಿಸಿ ತಾಗಿದರೆ ಪುಡಿ ಕರಗಿ ಬಟ್ಟೆಗೆ ಅಂಟಿಕೊಂಡುಬಿಡುತ್ತದೆ ಎಂದು ಕಲಿಸಿದ್ದೂ ಭಾವನೇ. ಥೂ, ಈ ಆಫೀಸಿನಲ್ಲಿ ಭಾವ ಕಲಿಸದೇ ಇದ್ದದ್ದು ಒಂದಾದರೂ ಇದೆಯೇ ತನ್ನ ಹತ್ತಿರ? ಅಕ್ಕನ ಗಂಡ, ಇಲ್ಲಿನ ಹಿರಿಯ ಮೆಕ್ಯಾನಿಕ್. ಇವನು ಕೆಲಸಕ್ಕೆ ಸೇರಿದ ಮೊದಲ ದಿನ, ಇಪ್ಪತ್ತೆರಡು ವರ್ಷದ ಕೆಳಗೆ, ಎಲ್ಲರೆದುರು ಬಾಯಿತಪ್ಪಿ ‘ಭಾವ’ ಎಂದು ಕರೆದದ್ದೇ ಕರೆದದ್ದು, ಮಾರನೆಯ ದಿನದಿಂದ ಐದು ಮಹಡಿಗೂ ಅವರು ಭಾವ, ಇವನು ಬಾಮೈದ. ಸಾಹೇಬರುಗಳು ಬದಲಾದರು, ಗೋಡೆಯ ಬಣ್ಣ ಬದಲಾಯಿತು, ಇದು ಬದಲಾಗಲಿಲ್ಲ. ಯಾರದಾದರೂ ಪ್ರಿಂಟರು ನಿಂತರೆ ಇವನು ಬಾಗಿಲಲ್ಲಿ ಕಾಣಿಸಿಕೊಂಡ ತಕ್ಷಣ ಕೇಳುತ್ತಿದ್ದರು: ಭಾವ ಬರಲ್ವಾ? ಇವನು ಸರಿಮಾಡಿ ಕೈ ಒರೆಸಿಕೊಂಡು ಹೊರಟರೆ ಹಿಂದಿನಿಂದ ಹೇಳುತ್ತಿದ್ದರು: ಭಾವನಿಗೆ ಥ್ಯಾಂಕ್ಸ್ ಹೇಳಿಬಿಡಪ್ಪಾ. ನಲವತ್ತು ದಾಟಿದ ಗಂಡಸು ಯಾರ ಬಾಮೈದನೂ ಅಲ್ಲದೆ ಒಂದು ದಿನ ಬದುಕಬೇಕು ಅಂದುಕೊಂಡರೆ ಅದು ತಪ್ಪೇ?

ಸಾಹೇಬರ ಕಾರ್ಯದರ್ಶಿ ಮೇಡಂ ಪಕ್ಕದ ಕೋಣೆಯಲ್ಲಿ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಕೈ ಕಟ್ಟಿಕೊಂಡು, ಅವನ ಹಿಂದೆಯೇ ನಿಂತರು. ಹಿಂದೆ ನಿಂತು ನೋಡುವವರನ್ನು ಕಂಡರೆ ಅವನಿಗಾಗದು. ಆಕೆಯ ಕಂಪ್ಯೂಟರಿನಿಂದ ಪ್ರಿಂಟರಿನ ಡ್ರೈವರನ್ನು ತೆಗೆದು, ಹೊಸದಾಗಿ ಹಾಕಿದ. ಡ್ರೈವರ್ ಅಂದರೆ ಏನು ಎಂದು ಹದಿನೆಂಟರ ವಯಸ್ಸಿನಲ್ಲಿ ಕೇಳಿದಾಗ ಭಾವ ಹೇಳಿದ್ದರು: ದುಭಾಷಿ ಕಣಪ್ಪಾ. ಕಂಪ್ಯೂಟರು ಆಡೋ ಮಾತು ಮೆಷೀನಿಗೆ ತಿಳಿಯಲ್ಲ, ಮಧ್ಯ ಒಬ್ಬ ನಿಂತು ತಿಳಿಸಬೇಕು. ಒಂದು ಮೆಷೀನಿನ ದುಭಾಷಿಯನ್ನ ಇನ್ನೊಂದರ ಹತ್ತಿರ ಕಳಿಸಿದೆಯೋ, ಅದು ಹುಚ್ಚು ಹಿಡಿದ ಹಾಗೆ ಕಾಗದ ಕಾರುತ್ತೆ. ಪ್ಲಗ್ಗು ಹಾಕಿದ, ಪ್ರಿಂಟರಿನ ಹೊಟ್ಟೆಯಲ್ಲಿ ಉಳಿದಿದ್ದ ಕಸವನ್ನೆಲ್ಲ ಅಳಿಸಿದ, ಪರೀಕ್ಷೆಯ ಹಾಳೆ ಕಳಿಸಿದ. ಅದು ಮುತ್ತಿನಂತೆ ಬಂತು. ಬಂದೇ ಬರುತ್ತದೆ. ಕಸ ಇಲ್ಲಿಂದ ಬರುತ್ತಿಲ್ಲ, ಬೇರೆ ಎಲ್ಲಿಂದಲೋ ಬರುತ್ತಿದೆ ಎಂಬುದು ಅವನಿಗೆ ಮೂರು ವಾರದಿಂದ ಗೊತ್ತು. ಗೊತ್ತಿದ್ದೇ ರಿಪೋರ್ಟು ಬರೆದಿದ್ದ.

ಮೇಡಂ ಒಂದು ಗುಂಡಿ ಒತ್ತಿದರು. ಪ್ರಿಂಟರು ಎರಡು ಹಾಳೆಗಳನ್ನು, ಬೆಚ್ಚಗೆ, ಮುಖ ಮೇಲೆ ಮಾಡಿ ಹೊರಗಿಟ್ಟಿತು. ನೋಡಬಾರದು ಅಂದುಕೊಂಡರೂ ಕಣ್ಣು ಓದಿಬಿಟ್ಟಿತು. ಹಿರಿಯ ಮೆಕ್ಯಾನಿಕ್ಕನ್ನು ನಾಳೆಯಿಂದ ಊರ ಆಚೆಯ ರದ್ದಿ ಕಾಗದದ ಗೋದಾಮಿಗೆ ವರ್ಗ ಮಾಡಲಾಗಿದೆ. ಬೀಗದ ಕೈಗಳನ್ನು ಕಿರಿಯ ಮೆಕ್ಯಾನಿಕ್ಕಿಗೆ ಒಪ್ಪಿಸತಕ್ಕದ್ದು. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಮನುಷ್ಯ. ಆ ಗೋದಾಮನ್ನು ಅವನು ಒಮ್ಮೆ ನೋಡಿದ್ದ. ಅಲ್ಲಿ ಯಂತ್ರ ಹಾಗಿರಲಿ, ಒಂದು ಪ್ಲಗ್ಗೂ ಇರಲಿಲ್ಲ.

“ನೀವೇ ಕೊಟ್ಟುಬಿಡಿ, ಮನೆಯವರು ತಾನೇ,” ಎಂದರು ಮೇಡಂ. “ಒಂದು ಕಾಪಿಗೆ ಸಹಿ ಹಾಕಿಸಿ ಐದು ಗಂಟೆ ಒಳಗೆ ತನ್ನಿ. ಸಹಿ ಬಂದ್ರೆ ಮುಗೀತು, ರಿಜಿಸ್ಟರಿಗೆ ಹತ್ತಿಸ್ತೀನಿ.” ಆಮೇಲೆ ದನಿ ತಗ್ಗಿಸಿ, “ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ. ಇನ್ನು ಮೇಲೆ ನೀವೇ ಭಾವ,” ಎಂದು ನಕ್ಕರು.

ಅವನೂ ನಕ್ಕ. ನಕ್ಕದ್ದಕ್ಕೆ ಮೆಟ್ಟಿಲು ಇಳಿಯುವಷ್ಟು ಹೊತ್ತೂ ತನ್ನ ಹಲ್ಲುಗಳ ಮೇಲೇ ಅವನಿಗೆ ಅಸಹ್ಯವಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸಾಹೇಬ! ಕಳೆದ ವಾರ ಕರೆದು ಕೂರಿಸಿ ಹೇಳಿದ್ದನಲ್ಲ, ನನಗೆ ಕಾರಣಗಿರಣ ಬೇಡ, ಯಾರದು ಅಂತ ಒಂದು ಹೆಸರು ಬೇಕು ಅಂತ. ಹೆಸರು ಬೇಕು ಅಂದವನಿಗೆ ಇವನು ಹೆಸರು ಕೊಟ್ಟ. ರಿಪೋರ್ಟಿನ ಒಂದೊಂದು ವಾಕ್ಯವೂ ಬಾಯಿಪಾಠ ಬರುತ್ತಿತ್ತು. ಬಳಕೆಯಲ್ಲಿಲ್ಲದ ಹಳೆಯ ಡ್ರೈವರುಗಳು ಹಲವು ಕಂಪ್ಯೂಟರುಗಳಲ್ಲಿ ಉಳಿದುಕೊಂಡಿವೆ: ನಿಜ. ಅವುಗಳಲ್ಲಿ ಯಾವುದೋ ಒಂದು ಸಾಹೇಬರ ಯಂತ್ರಕ್ಕೆ ತಪ್ಪು ಭಾಷೆಯಲ್ಲಿ ಕೆಲಸ ಕಳಿಸುತ್ತಿದೆ: ನಿಜ. ಅವನ್ನೆಲ್ಲ ಹಾಕಿದವರು ಹಿರಿಯ ಮೆಕ್ಯಾನಿಕ್: ಅದೂ ನಿಜ, ಇಪ್ಪತ್ತು ವರ್ಷದಿಂದ ಎಲ್ಲವನ್ನೂ ಹಾಕಿದವರು ಅವರೇ. ಮೂರು ನಿಜ ಸೇರಿಸಿ ಕೆಳಗೆ ಸಹಿ ಹಾಕಿದ್ದ. ಹದಿನೈದನೇ ವಯಸ್ಸಿನಲ್ಲಿ ಅಪ್ಪ ಹೋದ ಮೇಲೆ ಅಕ್ಕನ ಮನೆಗೆ ಒಂದು ಚೀಲ ಹಿಡಿದು ಬಂದವನಿಗೆ ಭಾವ ಏನೂ ಕೇಳಿರಲಿಲ್ಲ. ನೆಲದ ಮೇಲೆ ಹಳೆಯ ಪೇಪರು ಹಾಸಿ ಯಾವುದೋ ಯಂತ್ರ ಬಿಚ್ಚಿ ಕೂತಿದ್ದವರು, ಸ್ಕ್ರೂ ಕಳೆದುಹೋಗದ ಹಾಗೆ ಅಂಗೈ ಚಾಚು ಎಂದರು. ಇವನು ಚಾಚಿದ. ಆ ಸ್ಕ್ರೂಗಳು ಬಿಸಿಯಾಗಿದ್ದವು.

ಆ ಮನೆಯಲ್ಲಿ ಒಂದು ನಿಯಮವಿತ್ತು. ಏನೇ ರಿಪೇರಿಯಾಗಲಿ, ಇಸ್ತ್ರಿಪೆಟ್ಟಿಗೆಯೋ ರೇಡಿಯೋವೋ, ಮುಗಿದ ಮೇಲೆ ಭಾವ ಕೇಳುತ್ತಿದ್ದರು: ಎಲ್ಲಿತ್ತು? ದೋಷ ಎಲ್ಲಿತ್ತು ಎಂದು ಬಿಡಿಸಿ ಹೇಳಬೇಕು. ವೈರಿನಲ್ಲಿತ್ತು, ಬೆಸುಗೆಯಲ್ಲಿತ್ತು, ನಾನೇ ನಿನ್ನೆ ತಪ್ಪಾಗಿ ಕೂರಿಸಿದ್ದೆ, ಅಲ್ಲಿತ್ತು. ಹೇಳಿದರೆ ಆಯಿತು, ಬೈಗುಳ ಇಲ್ಲ. ಒಮ್ಮೆ ಅಕ್ಕನ ಮಿಕ್ಸಿ ಸುಟ್ಟಾಗ ಇವನು ‘ಅಕ್ಕಂದೇ ತಪ್ಪು’ ಎಂದಿದ್ದಕ್ಕೆ ಮಾತ್ರ ಭಾವನ ಮುಖ ಕಪ್ಪಿಟ್ಟಿತ್ತು. ಯಾರದು ಅಂತ ಕೇಳಿದ್ನಾ ನಾನು? ಯಾರದು ಅನ್ನೋದು ಪೊಲೀಸರ ಪ್ರಶ್ನೆ. ನಮ್ಮದು, ಎಲ್ಲಿತ್ತು. ಆಗ ಅದು ದೊಡ್ಡ ಮಾತು ಅನ್ನಿಸಿತ್ತು. ಆಮೇಲೆ ವರ್ಷ ವರ್ಷ ಅದನ್ನೇ ಕೇಳಿ ಕೇಳಿ ಕಿವಿ ತೂತಾಗಿ, ಎಲ್ಲಿತ್ತು ಅನ್ನುವ ಮೊದಲೇ ಮೈ ಉರಿಯತೊಡಗಿತ್ತು.

ನೆಲಮಾಳಿಗೆಯ ಕೋಣೆಯಲ್ಲಿ ಭಾವ ಕ್ಯಾರಿಯರಿನ ಡಬ್ಬಿಗಳನ್ನು ಬಿಡಿಸಿಟ್ಟು ಕಾಯುತ್ತಿದ್ದರು. ಮೇಲಿನ ಡಬ್ಬಿ ಇವನದು, ಕೆಳಗಿನದು ಅವರದು. ಇವನಿಗೆ ಮದುವೆಯಾಗಿ, ಬೇರೆ ಮನೆ ಮಾಡಿ ಹದಿನಾಲ್ಕು ವರ್ಷವಾದರೂ ಅಕ್ಕ ಮಧ್ಯಾಹ್ನದ ಡಬ್ಬಿ ಬಿಟ್ಟುಕೊಟ್ಟಿರಲಿಲ್ಲ. ಕಸದ ತನಿಖೆ ಮುಗಿಯುವ ತನಕ, ಸೋಮವಾರದಿಂದ, ಯಾವ ಯಂತ್ರವನ್ನೂ ಮುಟ್ಟಬಾರದು ಎಂದು ಬಾಯಿಮಾತಿನಲ್ಲಿ ಆಜ್ಞೆಯಾಗಿತ್ತು, ಹಾಗಾಗಿ ಭಾವ ನಾಲ್ಕು ದಿನದಿಂದ ಹಳೆಯ ಸ್ಕ್ರೂಗಳನ್ನು ಅಳತೆಯ ಪ್ರಕಾರ ಸಣ್ಣ ಸಣ್ಣ ಡಬ್ಬಿಗೆ ತುಂಬುತ್ತಿದ್ದರು. ಆರ್ಡರಿನ ಎರಡೂ ಪ್ರತಿ ಇವನ ಫೈಲಿನಲ್ಲಿತ್ತು. ಫೈಲನ್ನು ಪೃಷ್ಠದ ಕೆಳಗೆ ಹಾಕಿಕೊಂಡು ಕೂತ.

“ಇವತ್ತೂ ಬಂತಾ?”

“ಬಂತು.”

“ಹನ್ನೊಂದು ಹತ್ತಕ್ಕೇನಾ?”

“ಹೂಂ.”

ಭಾವ ನಿಧಾನವಾಗಿ ಅಗಿದರು. ಆ ಅಗಿಯುವ ಸದ್ದು! ಈ ಕೋಣೆಯಲ್ಲೇ ಇಪ್ಪತ್ತೆರಡು ವರ್ಷ ಕೇಳಿದ್ದಾನೆ. “ಗಡಿಯಾರ ನೋಡ್ಕೊಂಡು ಬರೋ ರೋಗ,” ಎಂದರು, “ಅದು ಯಾರೋ ಕೂತು ಒತ್ತೋದಲ್ಲ. ಯಾವಾಗಲೋ ಯಾರೋ ಇಟ್ಟು ಮರೆತಿರೋದು.”

“ನನಗೂ ಅಷ್ಟು ತಿಳಿಯುತ್ತೆ ಭಾವ.”

“ತಿಳಿಯುತ್ತೆ ಅಂತಲೇ ಹೇಳಿದೆ.”

ಆಗಲೇ ಅಕ್ಕನ ಫೋನು. ಭಾವ ಎಂಜಲು ಕೈ ಅಂತ ಇವನ ಕಡೆಗೆ ತಳ್ಳಿದರು. “ಇಬ್ರೂ ಊಟ ಮಾಡಿದ್ರೇನೋ? ಅವರು ಈಗೀಗ ರಾತ್ರಿ ನಿದ್ದೆ ಮಾಡಲ್ಲ ಕಣೋ, ಕೇಳಿದ್ರೆ ಸೆಖೆ ಅಂತಾರೆ. ಆಫೀಸಲ್ಲಿ ಏನಾದ್ರೂ ಆಗಿದೆಯಾ? ನೀನಿದ್ದೀಯಲ್ಲ, ನೋಡ್ಕೋ,” ಎಂದಳು ಅಕ್ಕ. ನೋಡಿಕೊಳ್ಳುತ್ತೇನೆ ಎಂದ. ತನ್ನ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದ. ಉಂಡ ಮನೆಯ ಜಂತಿ ಎಣಿಸಿದವನು ಅಂತ ನಾಳೆ ಅಕ್ಕ ಅನ್ನುವುದಿಲ್ಲ, ಅನ್ನುವ ಹೆಂಗಸಲ್ಲ ಅವಳು. ಡಬ್ಬಿ ಮಾತ್ರ ಬರುತ್ತದೆ, ಒಂದೇ ಅಂತಸ್ತಿನದು, ಅದೂ ಇವನಿಗೆ. ಭಾವನ ಕೈಗೆ ಆರ್ಡರು ಕೊಡದೆ ಎದ್ದುಬಿಟ್ಟ. ಐದು ಗಂಟೆಗೆ ಇನ್ನೂ ಹೊತ್ತಿತ್ತು.

ಮಧ್ಯಾಹ್ನವಿಡೀ ಮಹಡಿಯಿಂದ ಮಹಡಿಗೆ ಕಂಪ್ಯೂಟರುಗಳನ್ನು ತೆರೆದು ನೋಡಿದ. ಯಾವುದರಿಂದ ಕಸ ಹೊರಡುತ್ತಿದೆ ಎಂದು ಕಂಡುಹಿಡಿದರೆ ಏನು ಮಾಡಬೇಕು ಅನ್ನುವುದು ಅವನಿಗೇ ಸ್ಪಷ್ಟವಿರಲಿಲ್ಲ. ಕಂಡುಹಿಡಿದು, ಅದು ಭಾವನದೇ ಕೈಕೆಲಸ ಎಂದು ಖಾತ್ರಿಯಾಗಿಬಿಟ್ಟರೆ ಸಾಕಿತ್ತು, ಆಗ ರಿಪೋರ್ಟು ಪೂರಾ ನಿಜವಾಗುತ್ತಿತ್ತು. ಎರಡನೇ ಮಹಡಿಯಲ್ಲಿ ಮದುವೆ ನೋಂದಣಿಯ ಗುಮಾಸ್ತೆ, ಪ್ರಿಂಟು ಬರಲಿಲ್ಲವೆಂದು ಒಂದೇ ಪತ್ರಕ್ಕೆ ಹನ್ನೊಂದು ಸಲ ಗುಂಡಿ ಒತ್ತಿದ್ದಳು. ಪ್ರಿಂಟರಿಗೆ ಕಾಗದ ತುಂಬಿದ ಕೂಡಲೇ ಹನ್ನೊಂದೂ ಹೊರಬಂದವು. ವಧೂವರರು ಕೌಂಟರಿನಾಚೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

“ಹನ್ನೊಂದು ಸಲ ಮದುವೆ ಮಾಡಿಸ್ತೀರಾ ಇವರಿಗೆ?” ಎಂದು ಕೂಗಿದ. “ಒಂದು ಸಲ ಒತ್ತಿ ಕಾಯಬೇಕು. ಬರಲಿಲ್ಲ ಅಂದ್ರೆ ಎಲ್ಲಿ ಹೋಯ್ತು ಅಂತ ನೋಡಬೇಕು. ಸಾವಿರ ಸಲ ಹೇಳಿದ್ದೀನಿ, ತಲೆಗೆ ಹೋಗಲ್ವಾ?”

ಅವಳ ಕಣ್ಣು ತುಂಬಿಬಂತು. “ಭಾವ ಆಗಿದ್ರೆ ಹೀಗೆ ಕೂಗ್ತಿರಲಿಲ್ಲ,” ಎಂದಳು.

ಅಂದೇ ಅಂದಳು! ಅವನು ಹೊರಬಿದ್ದ. ಕಾರಿಡಾರಿನಲ್ಲಿ ನಿಂತು ಕೈಯಲ್ಲಿದ್ದ ಪಟ್ಟಿ ನೋಡಿದ. ಆಫೀಸಿನ ಕಂಪ್ಯೂಟರುಗಳು ನಲವತ್ತೆರಡು. ಗುರುತು ಬಿದ್ದಿದ್ದವು ನಲವತ್ತೊಂದು. ಎಲ್ಲೋ ತಪ್ಪಿದೆ ಎಂದು ಮತ್ತೊಮ್ಮೆ ಎಣಿಸಿದ. ಮೂರು ವಾರದಲ್ಲಿ ಮೂರು ಸಲ ಈ ಪಟ್ಟಿ ಹಿಡಿದು ತಿರುಗಿದ್ದ. ಮೂರು ಸಲವೂ ನಲವತ್ತೊಂದಕ್ಕೇ ನಿಂತಿದ್ದ, ಮೂರು ಸಲವೂ ಅದು ಗಮನಕ್ಕೆ ಬಂದಿರಲಿಲ್ಲ. ಪಟ್ಟಿಯ ಕೊನೆಯ ಸಾಲಿನಲ್ಲಿ ಅವನದೇ ಮೇಜಿನ ಕಂಪ್ಯೂಟರು ಇತ್ತು.

ನೆಲಮಾಳಿಗೆಗೆ ಇಳಿದು ತನ್ನ ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕಂಪ್ಯೂಟರು ತೆರೆದಂತೆ ತೆರೆದ. ಪ್ರಿಂಟರುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಏನು ಅಚ್ಚಿಗೆ ಕಳಿಸಿದರೂ ಮೊದಲು ಇಲ್ಲಿಗೇ ಎನ್ನುವ ಹಸಿರು ಗುರುತಿನೊಂದಿಗೆ, ಅದು ಕೂತಿತ್ತು. ಐದು ತಿಂಗಳ ಹಿಂದೆ ಸುಟ್ಟುಹೋಗಿ, ಇವನೇ ಹೆಗಲು ಕೊಟ್ಟು ಗುಜರಿಗೆ ಸಾಗಿಸಿದ್ದ ನೆಲಮಾಳಿಗೆಯ ಹಳೆಯ ದೊಡ್ಡ ಪ್ರಿಂಟರು. ನಂಬರು ಮೂವತ್ತೆಂಟು. ಕಂಪ್ಯೂಟರು ತನ್ನ ಕೆಲಸ ಕಳಿಸುವುದು ಯಂತ್ರದ ಹೆಸರಿಗಲ್ಲ, ಈ ನಂಬರಿನ ವಿಳಾಸಕ್ಕೆ. ಅಲ್ಲಿಂದ ಮುಂದೆ ಹುಡುಕುವುದೇನೂ ಉಳಿದಿರಲಿಲ್ಲ, ಒಂದರ ಹಿಂದೆ ಒಂದು ತಾನಾಗಿ ಬಿಚ್ಚಿಕೊಂಡಿತು. ಆಯಾ ದಿನದ ದೂರುಗಳ ಪಟ್ಟಿ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ತಾನೇ ಅಚ್ಚಾಗಿ ಬರುವಂತೆ ಎಂಟು ವರ್ಷದ ಹಿಂದೆ ಈ ಕಂಪ್ಯೂಟರಿನಲ್ಲಿ ಇಟ್ಟದ್ದು. ಈಗ ದೂರನ್ನು ಪರದೆಯ ಮೇಲೇ ನೋಡುತ್ತಾರೆ, ಕಾಗದ ಬರುತ್ತಿಲ್ಲವೆಂದು ಯಾರಿಗೂ ಅನ್ನಿಸಿರಲಿಲ್ಲ. ಯಂತ್ರ ಸತ್ತ ಮೇಲೂ ಪಟ್ಟಿ ದಿನಾ ಹೊರಟು, ದಾರಿ ಸಿಗದೆ, ಸರದಿಯಲ್ಲಿ ಕಾದು ನಿಂತಿತ್ತು. ಮೂರು ವಾರದ ಹಿಂದೆ ಸಾಹೇಬರ ಹೊಸ ಪ್ರಿಂಟರಿಗೆ ಅದೇ ಮೂವತ್ತೆಂಟನೇ ನಂಬರು ಸಿಕ್ಕಿದ ದಿನ, ಸತ್ತ ಯಂತ್ರದ ಭಾಷೆಯಲ್ಲಿ, ಅಷ್ಟೂ ಒಟ್ಟಿಗೆ ಅದರ ಬಾಯಿಗೆ ನುಗ್ಗಿತ್ತು. ಆ ಮೊದಲ ದಿನ ಕಸ ಒಂದು ಗಂಟೆ ಹೊತ್ತು ನಿಂತಿರಲಿಲ್ಲ.

ಆ ನಂಬರು ಕೊಟ್ಟವನು ಇವನು. ಭಾವ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ನಾಲ್ಕು ದಿನ ರಜೆ ಹಾಕಿದ್ದರು. ಸಾಹೇಬರ ಕೋಣೆಯ ಯಂತ್ರವನ್ನು ಮೊದಲ ಬಾರಿಗೆ ತಾನೊಬ್ಬನೇ ಕೂರಿಸುತ್ತಿದ್ದ ಹುಮ್ಮಸ್ಸು. ನಂಬರುಗಳ ಪುಸ್ತಕ ತೆಗೆದರೆ ಮೂವತ್ತೆಂಟರ ಎದುರು ಭಾವನ ದುಂಡು ಅಕ್ಷರ: ಖಾಲಿ ಇಡುವುದು, ಒಂದು ವರ್ಷ. ಭಾವನದು ಇದೊಂದು ಹಳೆಯ ಪದ್ಧತಿ, ಸತ್ತ ಯಂತ್ರದ ನಂಬರನ್ನು ವರ್ಷದ ತನಕ ಯಾರಿಗೂ ಕೊಡುತ್ತಿರಲಿಲ್ಲ. ಯಾಕೆ, ಅದು ದೆವ್ವ ಆಗಿ ಬರುತ್ತಾ ಭಾವ ಎಂದು ಇವನು ಹಿಂದೆ ಎಲ್ಲರೆದುರು ಕೇಳಿ ನಗಿಸಿದ್ದ. ಹೂಂ, ಬರುತ್ತೆ ಎಂದಿದ್ದರು ಭಾವ, ಎಲ್ಲೋ ಒಂದು ಕಂಪ್ಯೂಟರು ಅದನ್ನ ಮರೆತಿರಲ್ಲ. ಆ ದಿನ ಪುಸ್ತಕದ ಆ ಸಾಲಿನ ಮೇಲೆ ಗೀಟು ಎಳೆದು ಹೊಸ ಯಂತ್ರದ ಹೆಸರು ಬರೆದಾಗ ಇವನಿಗೆ ಎಂಥ ಸುಖವಾಗಿತ್ತು! ಇನ್ನೂ ನೆನಪಿದೆ. ಹಳೆಯದು ಸುಟ್ಟ ದಿನ, ಗುಜರಿಯ ಗಾಡಿ ಹೊರಡುವಾಗ, ಭಾವ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದೂ ನೆನಪಿದೆ: ನಿನ್ನ ಕಂಪ್ಯೂಟರಿಂದಲೂ ಇದನ್ನ ತೆಗೆದುಬಿಡು, ಮರೀಬೇಡ. ಆಯ್ತು ಭಾವ ಎಂದಿದ್ದ. ಸಣ್ಣ ಹುಡುಗನಿಗೆ ಹೇಳಿದ ಹಾಗೆ ಹೇಳುತ್ತಾರಲ್ಲ ಎಂಬ ಉರಿಗೆ, ಬೇಕೆಂದೇ, ನಾಳೆ ಮಾಡಿದರಾಯಿತು ಎಂದು ಬಿಟ್ಟಿದ್ದ. ದೀಪದ ಬುಡದಲ್ಲೇ ಕತ್ತಲೆ ಅಂತ ಅಕ್ಕ ಅನ್ನುತ್ತಿರುತ್ತಾಳೆ, ಇದು ಅಷ್ಟೇ.

ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ಕೂತಿತು. ಒಂದು ಸಲ ಒತ್ತಿದರೆ ಸಾಕು, ಸತ್ತದ್ದು ಪೂರ್ತಿ ಸಾಯುತ್ತದೆ. ನಾಳೆ ಹನ್ನೊಂದು ಹತ್ತಕ್ಕೆ ಸಾಹೇಬರ ಕೋಣೆ ತಣ್ಣಗಿರುತ್ತದೆ. ಭಾವ ಹೋದರು, ಕಾಟ ಹೋಯಿತು ಎನ್ನುತ್ತಾರೆ, ರಿಪೋರ್ಟು ಬರೆದವನು ಜಾಣ ಎನ್ನುತ್ತಾರೆ. ಯಾರೂ ಈ ಮೇಜಿಗೆ ಬಂದು ನೋಡುವುದಿಲ್ಲ, ಮೆಕ್ಯಾನಿಕ್ಕಿನ ಕಂಪ್ಯೂಟರನ್ನು ನೋಡುವ ಮೆಕ್ಯಾನಿಕ್ಕು ಯಾರಿದ್ದಾನೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನು ಸುತ್ತ ತಿರುಗಿ ನೋಡಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒತ್ತಲಿಲ್ಲ. ಒಳ್ಳೆಯತನದಿಂದ ಒತ್ತಲಿಲ್ಲ ಅಂತ ಯಾರೂ ತಿಳಿಯಬಾರದು. ಭಾವನ ಮೇಲೆ ಅಸಾಧ್ಯ ಸಿಟ್ಟು ಬಂದಿತ್ತು. ಅವರು ಸರಿಯಾಗಿದ್ದರು. ಯಾವಾಗಲೂ ಸರಿಯಾಗಿರುವ ಮನುಷ್ಯನ ಜೊತೆ ಹೇಗಪ್ಪಾ ಬಾಳುವುದು? ಫೈಲು ಎತ್ತಿಕೊಂಡು ದಡದಡ ಪಕ್ಕದಲ್ಲೇ ಇದ್ದ ಭಾವನ ಕೋಣೆಗೆ ನಡೆದು, ಆರ್ಡರನ್ನು ಸ್ಕ್ರೂ ಡಬ್ಬಿಗಳ ಮಧ್ಯೆ ಇಟ್ಟ.

ಭಾವ ಕನ್ನಡಕ ಏರಿಸಿ ಓದಿದರು. ಎರಡನೆಯ ಪ್ರತಿಯನ್ನೂ, ಬೇರೆ ಏನಾದರೂ ಇದೆಯೇನೋ ಎಂಬಂತೆ, ಪೂರ್ತಿ ಓದಿದರು. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿ, ತಾರೀಖು ಬರೆದು, ಒಂದು ಪ್ರತಿಯನ್ನು ಇವನ ಕಡೆಗೆ ಸರಿಸಿದರು. ಆಮೇಲೆ ತಮ್ಮ ಪ್ರತಿಯನ್ನು ಬೆಳಕಿಗೆ ಹಿಡಿದರು.

“ಅಕ್ಷರ ಚೆನ್ನಾಗಿ ಬಂದಿದೆ,” ಎಂದರು. “ಮೆಷೀನು ಸರಿಹೋಯ್ತು ಅನ್ನು. ಎಲ್ಲಿತ್ತು?”

ಇವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. “ನನ್ನ ಟೇಬಲ್ಲಿನ ಕಂಪ್ಯೂಟರಲ್ಲಿ. ಮೂವತ್ತೆಂಟನ್ನ ನಾನೇ ಕೊಟ್ಟಿದ್ದು. ಹಳೇದನ್ನ ತೆಗೆದಿರಲಿಲ್ಲ.”

ಭಾವ ತಲೆಯಾಡಿಸಿದರು. ಆಶ್ಚರ್ಯ ಮಾತ್ರ ಆ ಮುಖದಲ್ಲಿರಲಿಲ್ಲ.

“ಗೊತ್ತಿತ್ತಾ ನಿಮಗೆ?”

“ಹತ್ತು ದಿನ ಆಯ್ತು. ನಂಬರಿನ ಪುಸ್ತಕ ನೋಡಿದೆ.”

“ಹತ್ತು ದಿನ!” ಅವನ ದನಿ ಒಡೆಯಿತು. “ಹತ್ತು ದಿನ ನಾನು ಮೇಲೆ ಹೋಗಿ ಅವರ ಕಾಲಡಿ ಕಾಗದ ಹೆಕ್ಕಿದ್ದೀನಿ. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಸಾಹೇಬರಿಗಾದ್ರೂ ಹೇಳಬಹುದಿತ್ತಲ್ಲ, ನಂದಲ್ಲ ಅವನದು ಅಂತ? ಸಾಕು ಮಾಡಿ ಭಾವ ಈ ದೊಡ್ಡತನ. ನಿಮ್ಮ ದೊಡ್ಡತನ ಹೊತ್ತು ಹೊತ್ತು ನನ್ನ ಬೆನ್ನು ಮುರಿದಿದೆ.”

“ದೊಡ್ಡತನ ಅಂತ ಯಾರು ಹೇಳಿದ್ದು ನಿನಗೆ?” ಭಾವ ಪೆನ್ನಿನ ಮುಚ್ಚಳ ಹಾಕಲು ನೋಡಿದರು, ಅದು ಕೂರಲಿಲ್ಲ. “ನಿನ್ನೆ ಸಂಜೆ ಸಾಹೇಬ ಕರೆದು ನಿನ್ನ ರಿಪೋರ್ಟನ್ನ ಓದಿಸಿದ. ನಿಂತುಕೊಂಡೇ ಓದಿದೆ. ಸುಳ್ಳು ಒಂದೂ ಇಲ್ಲ ಅದರಲ್ಲಿ, ಎಷ್ಟು ಚೆನ್ನಾಗಿ ಬರೆದಿದ್ದೀಯಾ. ಆಮೇಲೆ ಕೇಳಿದ, ಯಾರದು ಅಂತ. ಎಲ್ಲಿತ್ತು ಅಂತ ಕೇಳಿದ್ರೆ ಹೇಳ್ತಿದ್ದೆ. ಯಾರದು ಅಂದ್ರೆ ನಿನ್ನ ಹೆಸರು ನನ್ನ ಬಾಯಲ್ಲಿ ಬರಲ್ಲ, ಏನು ಮಾಡಲಿ? ಮನೆಗೆ ಹೋಗಿ ನಿಮ್ಮಕ್ಕನ ಮುಖ ನೋಡ್ಬೇಕಲ್ಲ ನಾನು. ಆದ್ರೆ ನನಗೇನು ಸಿಟ್ಟಿಲ್ವಾ? ನಾನೇನು ದೇವರಾ? ನೀನಾಗೇ ಹುಡುಕಿ, ನೀನಾಗೇ ನೋಡಿ, ಹೊಟ್ಟೆ ಉರ್ಕೊಳ್ಳಲಿ ಅಂತಲೇ ಸುಮ್ನಿದ್ದೆ. ಉರೀತಾ ಇದೆಯಾ?”

“ಉರೀತಾ ಇದೆ.”

“ಉರೀಲಿ,” ಎಂದರು ಭಾವ. ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲಿಟ್ಟು, ಸ್ಕ್ರೂಗಳ ಕಡೆಗೆ ತಿರುಗಿದರು.

ನಾಲ್ಕೂ ನಲವತ್ತಾಗಿತ್ತು. ತನ್ನ ಮೇಜಿಗೆ ಬಂದು, ಕುರ್ಚಿಯನ್ನೂ ಎಳೆದುಕೊಳ್ಳದೆ, ನಿಂತೇ ಟೈಪು ಮಾಡಿದ. ನಿನ್ನೆಯ ರಿಪೋರ್ಟನ್ನು ಕೈಯಲ್ಲಿ ಬರೆಯಲು ಒಂದಿಡೀ ದಿನ ಹಿಡಿದಿತ್ತು, ಇದಕ್ಕೆ ಐದು ನಿಮಿಷ. ಮೂವತ್ತೆಂಟನೇ ನಂಬರನ್ನು ಸಾಹೇಬರ ಯಂತ್ರಕ್ಕೆ ಕೊಟ್ಟವನು ನಾನು. ಕೊಡಬಾರದೆಂದು ಪುಸ್ತಕದಲ್ಲಿ ಬರೆದಿತ್ತು, ಓದಿಯೂ ಕೊಟ್ಟೆ. ಹಳೆಯ ಯಂತ್ರವನ್ನು ನನ್ನ ಕಂಪ್ಯೂಟರಿನಿಂದ ತೆಗೆಯಲು ಹಿರಿಯ ಮೆಕ್ಯಾನಿಕ್ ಹೇಳಿದ್ದರು, ತೆಗೆಯಲಿಲ್ಲ. ದಿನಾ ಕಸ ಬಂದದ್ದು ಇಲ್ಲಿಂದ. ನಿನ್ನೆಯ ರಿಪೋರ್ಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗುಂಡಿ ಒತ್ತಿದ. ಮೂಲೆಯ ಪ್ರಿಂಟರು ಅಲುಗಲಿಲ್ಲ. ಹಾಳಾದದ್ದು ಇದಕ್ಕೂ ಇವತ್ತೇ ಏನು ಬಂತು ಎಂದು ಇನ್ನೊಮ್ಮೆ ಒತ್ತಿದ, ಅದರ ಪಕ್ಕೆಗೆ ಒಂದು ಗುದ್ದು ಕೊಟ್ಟು ಬಂದು ಮತ್ತೆ ಒತ್ತಿದ, ಮತ್ತೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಗಂಟೆ ಐದಾಗುತ್ತ ಬಂದಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು.

ಆಗ ಫೋನು ಬಡಿದುಕೊಂಡಿತು. ಮೇಡಂ. “ಬೇಗ ಬನ್ರೀ! ಮತ್ತೆ ಶುರುವಾಗಿದೆ. ಬೆಳಗ್ಗೆಗಿಂತ ಜಾಸ್ತಿ!”

ಪರದೆಯ ಕಡೆ ನೋಡಿದ. ಹಸಿರು ಗುರುತು ಇದ್ದಲ್ಲೇ ಇತ್ತು, ಮೂವತ್ತೆಂಟರ ಎದುರು. ಒತ್ತಿದ್ದಷ್ಟೂ ಅಲ್ಲಿಗೇ ಹೋಗಿತ್ತು. ನಗು ಬಂತು, ಒಂದು ಕೆಟ್ಟ ನಗು, ಒಬ್ಬನೇ ನಕ್ಕ. ಸಹಿಯಾದ ಆರ್ಡರನ್ನು ಜೇಬಿಗೆ ತುರುಕಿ ಮೆಟ್ಟಿಲು ಹತ್ತಿದ. ಹತ್ತುತ್ತ, ಎರಡನೆಯ ಮಹಡಿಯ ತಿರುವಿನಲ್ಲಿ, ಒಂದು ಮಾತು ಹೊಳೆದು ಕಾಲು ನಿಂತಿತು. ಮೇಲೆ ಬೀಳುತ್ತಿರುವ ಹಾಳೆಗಳನ್ನು ಈ ಲೋಕದಲ್ಲಿ ಯಾರೂ ಓದಲಾರರು. ತಾನು ಏನು ಬರೆದೆ ಎಂದು ತನಗೊಬ್ಬನಿಗೇ ಗೊತ್ತು. ಹೆಕ್ಕಿ, ಹರಿದು, ಬುಟ್ಟಿಗೆ ಹಾಕಿ ಕೆಳಗಿಳಿದರೆ ಮುಗಿಯಿತು. ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತ, ಆಮೇಲೆ ಹತ್ತಿದ.

ಕಾರ್ಪೆಟ್ಟು ಕಾಣುತ್ತಿರಲಿಲ್ಲ. ಸಾಹೇಬರು ಕಾಗದದ ನಡುವೆ ಎದ್ದು ನಿಂತಿದ್ದರು, ಮೇಡಂ ಬಾಗಿಲಲ್ಲಿ, ಇಬ್ಬರು ಗುಮಾಸ್ತರು ಮೇಡಂ ಹಿಂದೆ.

“ಯಾರ ಕೆಲಸ ಇದು?” ಸಾಹೇಬರ ಮುಖ ಕೆಂಪಾಗಿತ್ತು. “ಆರ್ಡರ್ ಕೈಗೆ ಸಿಕ್ಕಿದ ಹೊಟ್ಟೆಕಿಚ್ಚಿಗೆ ಮಾಡಿದ್ದು ತಾನೇ? ಮುಟ್ಟಬೇಡ ಅಂದ್ರೂ ಮುಟ್ಟಿದ್ದಾನೆ ನಿಮ್ಮ ಭಾವ. ಗೋದಾಮಲ್ಲ, ಮನೆಗೇ ಕಳಿಸ್ತೀನಿ. ಎಲ್ಲಿ, ಸಹಿ ಆಗಿರೋ ಕಾಪಿ ಕೊಡಿ ಇಲ್ಲಿ,” ಎಂದು ಕೈ ಚಾಚಿದರು.

ಅವನು ಜೇಬಿಗೆ ಕೈ ಹಾಕಲಿಲ್ಲ. ಮೊಣಕಾಲನ್ನೂ ಊರಲಿಲ್ಲ. ಬಗ್ಗಿ ಒಂದು ಹಾಳೆ ಎತ್ತಿಕೊಂಡ. ನೆತ್ತಿಯಲ್ಲಿ ಒಂದು ಸಾಲು: ಎರಡು ಚೌಕ, ಪ್ರಶ್ನೆಯ ಗುರುತು, ತಲೆಕೆಳಗಾದ ಅಕ್ಷರ.

“ಇದರಲ್ಲಿ ಏನಿದೆ ಅಂತ ಓದಿ ಹೇಳ್ತೀನಿ ಸಾರ್.”

“ಓದೋದೇನ್ರೀ ಅದರಲ್ಲಿ? ಕಸ ಅದು!”

“ನಾನೇ ಬರೆದಿದ್ದು ಸಾರ್,” ಎಂದ. ಹಾಳೆಯನ್ನು ಎರಡೂ ಕೈಯಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು, ಬಾಗಿಲಲ್ಲಿದ್ದವರಿಗೂ ಕೇಳುವಂತೆ, ಶಾಲೆಯಲ್ಲಿ ಎದ್ದುನಿಂತು ಪಾಠ ಓದುವವನ ದನಿಯಲ್ಲಿ ಓದಿದ: “ಮೂವತ್ತೆಂಟನೇ ನಂಬರನ್ನು ಸಾಹೇಬರ ಯಂತ್ರಕ್ಕೆ ಕೊಟ್ಟವನು ನಾನು.”

ಹಿಂದೆ ಪ್ರಿಂಟರು ಇನ್ನೂ ಕಾಗದ ತಳ್ಳುತ್ತಿತ್ತು. ಅವನು ಆ ಹಾಳೆಯನ್ನು ಸಾಹೇಬರ ಮೇಜಿನ ಮೇಲಿಟ್ಟು, ಬಗ್ಗಿ ಎರಡನೆಯದನ್ನು ಎತ್ತಿಕೊಂಡ.